ಕಫೀಲರ ಪರದೆ ಹೊಗಳಿದ ಪಪ್ಪ

ಇವತ್ತು ಪಕ್ಕದ ಮನೆಯಿಂದ ಲೋಬಾನದ ಹೊಗೆ ತೇಲಿಬಂತು. ನಾನು ಮಸ್ಕತ್ತಿನ ಬಾಲ್ಯಕ್ಕೆ ಜಾರಿದೆ. ಅಲ್ಲಿನ ವಾದಿ ಕಬೀರ್ ಬಡಾವಣೆಯ ಶಾಲೆಯಲ್ಲಿ ಒಂದು ದಿನ ಹಳೆಯ ಇಂಗ್ಲಿಷ್ ಕಾದಂಬರಿಯೊಂದನ್ನು ಓದಿದ್ದೆವು. ಅದರಲ್ಲೊಬ್ಬ ಪಾದ್ರಿ ತನಗೆ ಆಸರೆ ಕೊಟ್ಟ ಶ್ರೀಮಂತ ಮಹಿಳೆಯ ಮನೆಯ ಕಿಟಕಿಗಳನ್ನೂ ಬಿಡದೆ ಹೊಗಳುತ್ತಾನೆ. ತರಗತಿಯೆಲ್ಲ ಬಿದ್ದು ಬಿದ್ದು ನಕ್ಕಿತ್ತು.

ಅದೇ ಸಂಜೆ ಪಪ್ಪ ನನ್ನನ್ನು ತಮ್ಮ ಕಂಪನಿಯ ಅರಬಿ ಯಜಮಾನ, ಅಂದರೆ ಕಫೀಲರ ಮನೆಗೆ ಕರೆದೊಯ್ದರು. ಅರ್ಧ ಬಗ್ಗಿ ನಿಂತು ಪರದೆ ಚಂದ, ಸೋಫಾ ಚಂದ, ಖರ್ಜೂರ ಬಲು ರುಚಿ ಎಂದರು. ಥೇಟ್ ಆ ಪಾದ್ರಿ! ನಾಚಿಕೆಯಿಂದ ನಾನು ತಲೆ ಎತ್ತಲಿಲ್ಲ.

“ಅಷ್ಟೆಲ್ಲ ಹೊಗಳ್ಬೇಕಿತ್ತಾ ಪಪ್ಪಾ?” ಕಾರಿನಲ್ಲಿ ಕೇಳಿದೆ.

“ಊರಲ್ಲಿ ಅಜ್ಜಿಗೆ ಸೀರಿಯಸ್ ಉಂಟು ಮಗಾ. ನನ್ನ ಪಾಸ್‌ಪೋರ್ಟ್ ಅವರ ಹತ್ರ ಇತ್ತಲ್ಲ, ಅವರು ಕೊಡದೆ ಹೋಗ್ಲಿಕ್ಕೆ ಆಗುದಿಲ್ಲ,” ಎನ್ನುತ್ತಾ ಪಪ್ಪ ಜೇಬಿನಲ್ಲಿದ್ದ ಪಾಸ್‌ಪೋರ್ಟನ್ನು ತಡವಿಕೊಂಡರು.

ಮರುದಿನವೇ ಊರಿಗೆ ಹೋದರು. ಅಜ್ಜಿ ಅವರ ಮುಖ ನೋಡಿ ಕಣ್ಣು ಮುಚ್ಚಿದರು.

ನನಗೀಗ ಪಪ್ಪನ ಆಗಿನ ವಯಸ್ಸು. ಅಂದು ಕಫೀಲರ ಮನೆಗೆ ಹೋಗುವ ದಾರಿಯುದ್ದಕ್ಕೂ ಅವರು ತುಟಿ ಅಲುಗಿಸುತ್ತಿದ್ದುದು ಆ ಹೊಗಳಿಕೆಗಳನ್ನೇ ಬಾಯಿಪಾಠ ಮಾಡಲೆಂದು ಹೊಳೆದಾಗ, ಮೈಯೆಲ್ಲ ಹಿಡಿಯಾಗುತ್ತದೆ.