ಪಾಸಾಂಗಮ್ಮನ ಮೂರನೆಯ ಸನ್ಮಾನ

ಸೋಮವಾರಪೇಟೆಯ ಇತಿಹಾಸದಲ್ಲಿ ಪಾಸಾಂಗ್ ಡೋಲ್ಕರ್‌ಳಷ್ಟು ಸಲ ಮೈಸೂರು ಪೇಟ ತೊಟ್ಟವರಿಲ್ಲ. ಬೈಲುಕುಪ್ಪೆಯ ಟಿಬೆಟನ್ ನಿರಾಶ್ರಿತರ ಕ್ಯಾಂಪಿನಲ್ಲಿ ಹುಟ್ಟಿ, ಇಪ್ಪತ್ತೆರಡು ವರ್ಷದಿಂದ ಇಲ್ಲಿ ಸ್ವೆಟರ್ ಮಾರುವ ಆಕೆಯನ್ನು ಊರು ಎರಡು ಬಾರಿ ಸನ್ಮಾನಿಸಿತ್ತು. ಈ ರಾಜ್ಯೋತ್ಸವಕ್ಕೆ ಮೂರನೆಯದು.

ಆಕೆಗೆ ಬೇಕಿದ್ದದ್ದು ಪೇಟವಲ್ಲ, ಒಂದು ಸಹಿ. ಹೊಸ ನಿಯಮದ ಪ್ರಕಾರ, ‘ಈಕೆ ನನ್ನ ಮನೆಯಲ್ಲಿ ಬಾಡಿಗೆಗಿದ್ದಾಳೆ’ ಎಂದು ಮನೆ ಮಾಲೀಕರು ಬರೆದುಕೊಟ್ಟರೆ ನಿರಾಶ್ರಿತರ ನೋಂದಣಿ ಪತ್ರ ನವೀಕರಣವಾಗುತ್ತದೆ. ಹತ್ತನೇ ತಾರೀಖು ದಾಟಿದರೆ ಅಂಗಡಿ ಮುಚ್ಚಿ ಕ್ಯಾಂಪಿಗೆ ವಾಪಸ್ಸು.

ಮಾಲೀಕ ಕಲ್ಲೇಶಪ್ಪನವರೇ ಸನ್ಮಾನ ಸಮಿತಿಯ ಅಧ್ಯಕ್ಷರು. ಕಾಡಾನೆ ಎದುರಿಗೆ ಬಂದರೂ ಮೈಕು ಬಿಡದ ಧೀರರು. ಸರ್ಕಾರಿ ಕಾಗದ ಕಂಡರೆ ಮಾತ್ರ ಬೆವರುವರು.

“ಅಣ್ಣಾ, ಇದೊಂದು ಸೈನ್...”

“ನೀನು ನನ್ ತಂಗಿ ಇದ್ದಂಗೆ ಕಣಮ್ಮ. ತಂಗಿಗೆ ಯಾರಾದ್ರೂ ಬಾಡಿಗೆ ಪತ್ರ ಬರ್ಕೊಡ್ತಾರಾ? ನಾಳೆ ಪೊಲೀಸ್ನೋರು ಬಾಗ್ಲಿಗೆ ಬಂದ್ರೆ?”

ಹೆಂಡತಿ ಚನ್ನಬಸಮ್ಮ ಒಳಗಿನಿಂದಲೇ ಚುಚ್ಚಿದರು: “ಶಾಲು ಹೊದಿಸಕ್ಕೆ ಎರಡು ಕೈ ಬರ್ತವೆ, ಸೈನ್ ಹಾಕಕ್ಕೆ ಒಂದೂ ಬರಲ್ವಾ?”

“ನೀ ಸುಮ್ನಿರೇ, ನಿಂಗೆ ಕಾನೂನು ಗೊತ್ತಿಲ್ಲ.”

ಅವರಿಗೂ ಗೊತ್ತಿರಲಿಲ್ಲ. ಪಾಸಾಂಗ್ ಬೇರೆ ಮನೆ ಹುಡುಕಿದರೆ, “ಕಲ್ಲೇಶಪ್ಪನೋರೇ ಸೈನ್ ಹಾಕ್ಲಿಲ್ಲ, ನಾವೆಂಗೆ ಹಾಕಣ?” ಎಂಬ ಉತ್ತರ.

ಸನ್ಮಾನವೇನೋ ಭರ್ಜರಿಯಾಗಿ ನಡೆಯಿತು. ಶಾಲು ಆಕೆಯ ಅಂಗಡಿಯದೇ, ಹಿಂದಿನ ದಿನ ಚೌಕಾಸಿ ಮಾಡಿ ತಂದದ್ದು. “ನಮ್ಮೂರ ಮನೆಮಗಳು!” ಎಂದು ಇಪ್ಪತ್ತು ನಿಮಿಷ ಗುಡುಗಿದ ಅಧ್ಯಕ್ಷರು ಅಭಿನಂದನಾ ಪತ್ರಕ್ಕೆ ವೇದಿಕೆಯ ಮೇಲೇ ಮಾರುದ್ದ ಸಹಿ ಎಳೆದರು. ಪೆನ್ನಿನ ಮುಚ್ಚಳ ಇನ್ನೂ ತೆರೆದಿರುವಾಗಲೇ ಪಾಸಾಂಗ್ ಹಣ್ಣಿನ ಬುಟ್ಟಿಯ ಅಡಿಯಿಂದ ತನ್ನ ಕಾಗದ ತೆಗೆದಳು.

“ಅದು ಆಮೇಲ್ ನೋಡಣ. ಫೋಟೋಗೆ ನಗಮ್ಮ.”

ನಕ್ಕಳು.

ನೋಂದಣಿ ಕಚೇರಿಯ ಗುಮಾಸ್ತರು ಆಕೆ ಒಯ್ದ ಅಭಿನಂದನಾ ಪತ್ರವನ್ನು ಕೊನೆಯ ಸಾಲಿನವರೆಗೂ ಓದಿದರು. “ಬಾಳ ಚೆನ್ನಾಗಿ ಬರ್ದಿದಾರಮ್ಮ. ಮನೆಮಗಳು ಅಂತಿದೆ, ಯಾವ ಮನೆ ಅಂತಿಲ್ವಲ್ಲ?”

ಹತ್ತನೇ ತಾರೀಖು ದಾಟಿ ಹನ್ನೊಂದಾಯಿತು. ಸ್ವೆಟರ್ ಗಂಟುಗಳನ್ನು ಬಸ್‌ಸ್ಟ್ಯಾಂಡಿಗೆ ಹೊತ್ತು ತಂದವರು ಕಲ್ಲೇಶಪ್ಪನವರೇ. ಕಿಟಕಿಯಿಂದ ಟವೆಲ್ ಎಸೆದು ಸೀಟು ಹಿಡಿದುಕೊಟ್ಟು, ಕಣ್ಣೊರೆಸಿಕೊಳ್ಳಲು ಟವೆಲ್ ಇಲ್ಲದೆ ತೋಳಿನಿಂದಲೇ ಒರೆಸಿಕೊಂಡರು.

“ನಿನ್ ಬಿಟ್ಟು ಈ ಊರು ಹೆಂಗಿರ್ತದೋ ತಾಯಿ.”

“ಇವತ್ತು ಸೈನ್ ಹಾಕಿದ್ರೂ ಆಫೀಸ್ನೋರು ತಗೋತಾರಂತೆ ಅಣ್ಣಾ,” ಎಂದು ಆಕೆ ಕಿಟಕಿಯಿಂದ ಕಾಗದ ಚಾಚಿದಳು.

ಕಲ್ಲೇಶಪ್ಪನವರು ಜೇಬು ಮುಟ್ಟಿ ನೋಡಿಕೊಂಡರು. ಪೆನ್ನು ಅಲ್ಲೇ ಇತ್ತು. ಅವರು ಬಸ್ಸಿನ ಮುಂಭಾಗಕ್ಕೆ ನಡೆದು, “ನಮ್ ಹೆಣ್ಮಗಳು ಕಣಪ್ಪ, ನಿಧಾನಕ್ಕೆ ಹೋಗು,” ಎಂದು ಡ್ರೈವರನಿಗೆ ಹೇಳಿದರು.