ಅಪ್ಪ ಎಣ್ಣೆ ನೋಡಿದ್ದರು

"ದೊಡ್ಡವರು ಆಯಿಲ್ ನೋಡ್ಲಿಲ್ಲ ಅಕ್ಕಾ. ವಯಸ್ಸಾಯ್ತಲ್ಲ, ಮರೆತು ಹೋಗ್ತದೆ" ಎಂದು ಕಳವಾ ಊರಿನ ಕಾರು ಗ್ಯಾರೇಜಿನವನು ಫೋನಿನಲ್ಲಿ ಹೇಳಿದಾಗ ನನಗೆ ಸಿಟ್ಟು ನೆತ್ತಿಗೇರಿತು. ನನ್ನ ಅಪ್ಪ ಮರೆಯದ ವಸ್ತು ಲೋಕದಲ್ಲಿ ಒಂದಿದ್ದರೆ ಅದು ಎಣ್ಣೆ.

ಅವರು ಠಾಣೆ ಶಹರದ ಉಡುಪಿ ಹೋಟೆಲೊಂದರಲ್ಲಿ ವಯಸ್ಸೆಲ್ಲ ಬಾಣಲೆಯ ಮುಂದೆ ಕಳೆದವರು. ಎಣ್ಣೆಯನ್ನು ಬೆರಳಲ್ಲಿ ಉಜ್ಜಿ, ಮೂಸಿ, ಇದರಲ್ಲಿ ಇನ್ನೊಂದು ಸಲ ಗೋಳಿಬಜೆ ಕರಿಯಬಹುದೋ ಚೆಲ್ಲಬೇಕೋ ಎಂದು ಹೇಳುತ್ತಿದ್ದರು. ಕೆಲಸ ಬಿಟ್ಟು ನೆರೂಳದಲ್ಲಿ ಅಣ್ಣನ ಮನೆ ಸೇರಿದ ಮೇಲೆ ಕಾರಿಗೂ ಅದೇ ಉಪಚಾರ. ಸೋಮವಾರ ಬೆಳಿಗ್ಗೆ ಬಾನೆಟ್ ಎತ್ತಿ, ಎಣ್ಣೆ ಅಳೆಯುವ ಕಡ್ಡಿ ಎಳೆದು, ಹಳೆ ಬನಿಯನ್ನಿನಿಂದ ಒರೆಸಿ, ಮತ್ತೆ ಅದ್ದಿ, ಬೆರಳಲ್ಲಿ ಉಜ್ಜಿ ಮೂಸುವರು. "ಬಜೆ ಕರಿಯುದಾ ಅಪ್ಪಾ?" ಎಂದು ನಾನು ಕಿಚಾಯಿಸುತ್ತಿದ್ದೆ. ಆಮೇಲೆ ಅಮ್ಮನನ್ನು ಕೂರಿಸಿಕೊಂಡು ಅಂಬರನಾಥದ ಶಿವನ ಗುಡಿಗೆ ಬಂದು, ಅಲ್ಲೇ ಹತ್ತಿರದ ನನ್ನ ಮನೆಯಲ್ಲಿ ಊಟ ಮಾಡಿ ಹೋಗುವರು. ಆ ಕಡ್ಡಿಯನ್ನು ಬೇರೆ ಯಾರೂ ಮುಟ್ಟುವಂತಿರಲಿಲ್ಲ.

ಹಳೆಯ ಕಾರು ಹೊಗೆ ಉಗುಳತೊಡಗಿದಾಗ ಅಣ್ಣ ಅದನ್ನು ಈ ಗ್ಯಾರೇಜಿಗೆ ಕೊಟ್ಟು ಇಂಜಿನ್ ಪೂರ್ತಿ ಬಿಚ್ಚಿಸಿ ಹೊಸದಾಗಿ ಕಟ್ಟಿಸಿದ. ನಮ್ಮ ಊರ ಕಡೆಯವನು, ಮೋಸ ಮಾಡುವುದಿಲ್ಲ ಎಂಬುದು ಅವನ ಲೆಕ್ಕ. ಕಾರು ಮನೆಗೆ ಬಂದ ದಿನವೇ ಅಪ್ಪ, "ಒಳಗೆ ಏನೋ ಬಡೀತಾ ಉಂಟು" ಎಂದರು. "ಹೊಸ ಕೆಲ್ಸ ಅಲ್ವಾ, ಸೆಟ್ ಆಗ್ತದೆ" ಎಂದ ಗ್ಯಾರೇಜಿನವನು. "ಅಪ್ಪಾ, ನಿಮ್ಮ ಕಿವಿ ಒಮ್ಮೆ ಟೆಸ್ಟ್ ಮಾಡಿಸ್ಬೇಕು" ಎಂದ ಅಣ್ಣ.

ಒಂದು ಸೋಮವಾರ ನಮ್ಮಲ್ಲಿಗೆ ಬರುವ ದಾರಿಯಲ್ಲಿ ಎಣ್ಣೆಯ ಕೆಂಪು ದೀಪ ಹತ್ತಿತು, ಬಡಿತ ಜೋರಾಯಿತು. ಅಪ್ಪ ತಕ್ಷಣ ಬದಿಗೆ ನಿಲ್ಲಿಸಿ ಇಂಜಿನ್ ಆರಿಸಿದರು. ಕಾರನ್ನು ಎಳೆಸಿಕೊಂಡು ಕಳವಾಕ್ಕೆ ಒಯ್ದರು. ಅಲ್ಲಿಂದ ಬಂದ ತೀರ್ಪೇ ಆ ಫೋನು. ಅಣ್ಣ ಚಾವಿ ಕಸಿದು ತನ್ನ ಕಪಾಟಿನಲ್ಲಿಟ್ಟ. "ನಾಳೆ ಯಾರಿಗಾದ್ರೂ ಗಾಡಿ ಠೋಕಿದ್ರೆ ಪೊಲೀಸ್ ಲಫ್ಡಾ ಯಾರು ನೋಡುದು?" ಎಂದ.

ನಾನು ಅಂಬರನಾಥದ ಕಾರ್ಖಾನೆಯೊಂದರಲ್ಲಿ ಲೋಹದ ಬಿಡಿಭಾಗಗಳನ್ನು ಪರೀಕ್ಷಿಸುವವಳು. ರಜೆ ಹಾಕಿ, ಅಣ್ಣನನ್ನೂ ಎಳೆದುಕೊಂಡು ಕಳವಾಕ್ಕೆ ಹೋದೆ. ಬಿಚ್ಚಿದ್ದನ್ನೆಲ್ಲ ತೋರಿಸಿ ಎಂದೆ.

"ನೀವೆಂತ ನೋಡುದು ಅಕ್ಕಾ, ಕೈ ಕಪ್ಪಾಗ್ತದೆ. ಚಾಯ್ ಕುಡೀರಿ."

ಚಹಾ ಬಂತು. ನಾನು ಮುಟ್ಟಲಿಲ್ಲ.

ಪಿಸ್ಟನ್ನಿನಿಂದ ಇಳಿದ ರಾಡು ಕ್ರ್ಯಾಂಕ್ ಎಂಬ ತಿರುಗುವ ದಂಡವನ್ನು ಹಿಡಿಯುವಲ್ಲಿ ಅರ್ಧಚಂದ್ರದಂಥ ಎರಡು ತೆಳು ಚಿಪ್ಪುಗಳಿರುತ್ತವೆ. ಅವೇ ಬೇರಿಂಗ್. ನಾಲ್ಕು ರಾಡಿನ ನಾಲ್ಕು ಜೊತೆಗಳನ್ನೂ ಮೇಜಿನ ಮೇಲೆ ಸಾಲಾಗಿ ಇಟ್ಟೆ. ಮೂರು ಜೊತೆ ಬೂದು ಬಣ್ಣದಲ್ಲಿ ನುಣ್ಣಗಿದ್ದವು. ಮೂರನೆಯ ರಾಡಿನದು ಮಾತ್ರ ಒಳಗಿನ ತಾಮ್ರ ಕಾಣುವಷ್ಟು ಸವೆದು ಹರಿದಿತ್ತು.

"ಎಣ್ಣೆ ಇಲ್ಲದಿದ್ರೆ ಇದೊಂದೇ ಹೇಗೆ ಹೋಯ್ತು? ಉಳಿದವು ಉಪವಾಸ ಬಿದ್ದೂ ಹೀಗೆ ಮಿಂಚ್ತಾವಾ?"

"ಕೆಲವೊಮ್ಮೆ ಹಾಗಾಗ್ತದೆ" ಎಂದ ಗ್ಯಾರೇಜಿನವನು.

ಡೀಸೆಲ್ ಅದ್ದಿದ ಬಟ್ಟೆಯಿಂದ ಚಿಪ್ಪುಗಳ ಬೆನ್ನು ಒರೆಸಿದೆ. ಅಳತೆ ಕೊರೆದಿರುವುದು ಅಲ್ಲಿ. ಇಂಜಿನ್ ಕಟ್ಟುವಾಗ ಹಳೆಯ ಕ್ರ್ಯಾಂಕನ್ನು ಸಾಣೆ ಹಿಡಿದು ಸಣ್ಣದು ಮಾಡಿದ್ದರಿಂದ ಎಲ್ಲಕ್ಕೂ ದಪ್ಪ ಚಿಪ್ಪು ಹಾಕಬೇಕಿತ್ತು. ಮೂರು ಜೊತೆಗೆ ಹಾಗೆಯೇ ಹಾಕಿದ್ದ. ಹರಿದ ಜೊತೆಯ ಬೆನ್ನ ಮೇಲೆ ಸ್ಟ್ಯಾಂಡರ್ಡ್ ಎಂದಿತ್ತು, ಅಂದರೆ ಸಾಣೆ ಹಿಡಿಯದ ಕ್ರ್ಯಾಂಕಿಗೆ ಹಾಕುವ ತೆಳು ಅಳತೆ. ಅದು ಮೊದಲ ದಿನದಿಂದಲೇ ಸಡಿಲವಾಗಿ ಬಡಿಯುತ್ತಿತ್ತು. ಆ ಸಂದಿನಲ್ಲಿ ಎಣ್ಣೆ ಸೋರಿ ಒತ್ತಡ ಇಳಿದು ದೀಪ ಹತ್ತಿತ್ತು. ಅಪ್ಪನ ಕಿವಿಗೆ ಏನೂ ಆಗಿರಲಿಲ್ಲ.

"ಗಡಿಬಿಡಿಲಿ ಪ್ಯಾಕೆಟ್ ಮಿಕ್ಸ್ ಆಗಿರ್ಬೇಕು. ಬಿಡಿ ಅಕ್ಕಾ, ನಾವು ನಾವೇ ಅಲ್ವಾ? ಫ್ರೀಯಾಗಿ ಮಾಡಿಕೊಡ್ತೇನೆ."

ನಾವು ನಾವೇ ಅಂತೆ. ಬಿಚ್ಚಿದ ಕೂಡಲೇ ಅವನಿಗೆ ಗೊತ್ತಾಗಿತ್ತು, ಗೊತ್ತಾಗಿಯೇ ಫೋನ್ ಮಾಡಿದ್ದ. ಕೈತಪ್ಪು ಆಗುತ್ತದೆ, ನಾನು ದಿನಾ ನೋಡುತ್ತೇನೆ. ಅದನ್ನು ಒಬ್ಬ ಮುದುಕನ ತಲೆಗೆ ಕಟ್ಟಿದ್ದನ್ನು ಮಾತ್ರ ನಾನು ಇವತ್ತಿಗೂ ಕ್ಷಮಿಸಿಲ್ಲ. ಅಷ್ಟು ಹೊತ್ತು ಕೊಟ್ಟಿದ್ದ ಬಹುವಚನ ಬಿಟ್ಟು, "ಈಗಲೇ ಅಪ್ಪನಿಗೆ ಫೋನ್ ಮಾಡಿ ನೀನೇ ಹೇಳು" ಎಂದೆ. ಮಾಡಿದ. "ಸಣ್ಣ ಮಿಸ್ಟೇಕ್ ಆಯ್ತು ದೊಡ್ಡವರೇ" ಎಂದ. ಅಣ್ಣ ಆಗಲೇ ಚಹಾ ಕುಡಿದು ಮುಗಿಸಿದ್ದ. ಅದಕ್ಕೂ ನನಗೆ ಸಿಟ್ಟು ಬಂತು.

ಕಾರು ಸರಿಯಾಗಿ ಬಂತು. ಬಡಿತ ನಿಂತಿತ್ತು. ಸೋಮವಾರ ನಾನೇ ನೆರೂಳಕ್ಕೆ ಹೋಗಿ ಅಣ್ಣನ ಕೈಯಿಂದಲೇ ಚಾವಿ ಕೊಡಿಸಿದೆ. ಅಪ್ಪ ಬಾನೆಟ್ ಎತ್ತಿ, ಕಡ್ಡಿ ಎಳೆದು, ಒರೆಸಿ, ಮತ್ತೆ ಅದ್ದಿ ತೆಗೆದರು. ಬೆರಳಲ್ಲಿ ಉಜ್ಜಲಿಲ್ಲ. ಕಡ್ಡಿಯನ್ನು ನನ್ನ ಕಡೆ ಚಾಚಿದರು.

"ನೋಡು ಮಗಾ, ಎಣ್ಣೆ ಉಂಟಾ?"

ಮೇಲಿನ ಗೆರೆಯವರೆಗೂ ಇತ್ತು. "ತುಂಬ ಉಂಟಲ್ಲ ಅಪ್ಪಾ. ನಿಮ್ಗೆ ಕಾಣುದಿಲ್ವಾ?" ಎಂದೆ.

"ಕಾಣ್ತದೆ" ಎಂದರು. "ಆವತ್ತೂ ಹೀಗೇ ಕಂಡಿತ್ತು. ಮತ್ತೆ ಇವರೆಲ್ಲ ಎಣ್ಣೆ ಇರ್ಲಿಲ್ಲ ಅಂದ್ರಲ್ಲ."