ಕೈಯಿಂದ ಕೈಗೆ ಬಂದ ಫ್ಯೂಜ್

ಕಮಲಾಪುರದ ಹೊರಗೆ ಒಂದು ಬೇಳೆ ಗಿರಣಿ. ಅಲ್ಲಿ ಬೇಳೆಯ ಗುಣಮಟ್ಟ ನೋಡುವುದು ನನ್ನ ಕೆಲಸ. ಬಿ.ಎಸ್ಸಿ. ಓದಿದವನೆಂದು ನನಗೊಂದು ಮೇಜು, ಕುರ್ಚಿ ಕೊಟ್ಟಿದ್ದಾರೆ. ಬೆಳಿಗ್ಗೆ ಕಲಬುರಗಿಯ ಸೇಡಂ ರಸ್ತೆಯ ಮನೆಯಿಂದ ಬಸ್ಸಿಗೆ ಹೊರಟರೆ ಸಂಜೆ ಬಸ್ಸಿಗೇ ವಾಪಸು.

ಗಿರಣಿಯಲ್ಲಿ ತೊಗರಿಯನ್ನು ಮೇಲಕ್ಕೆತ್ತಲು ಸಣ್ಣ ಸಣ್ಣ ಡಬ್ಬಿ ಕಟ್ಟಿದ ಉದ್ದನೆಯ ಬೆಲ್ಟು ಇದೆ. ಅದು ಆಳು ನಿಲ್ಲುವಷ್ಟು ಆಳದ ಒಂದು ಗುಂಡಿಯಿಂದ ಏಳುತ್ತದೆ. ಗುಂಡಿಯಲ್ಲಿ ಕಾಳು ಕಟ್ಟಿಕೊಂಡಾಗ ಯಾರಾದರೂ ಕಸಬರಿಗೆ ಹಿಡಿದು ಇಳಿದು ಬಿಡಿಸಬೇಕು. ಆ ಕೆಲಸ ಒಬ್ಬ ಅಕ್ಕನದು. ಕಮಲಾಪುರದವಳೇ, ನಲವತ್ತೈದು ದಾಟಿದವಳು. ಮಶೀನ್ ನಡೆಸುವವರು ಮೋಮಿನಪುರದ ಒಬ್ಬ ಚಾಚಾ.

ಚಾಚಾ ಮಾಡಿದ ನಿಯಮ ಒಂದೇ. ಅಕ್ಕ ಇಳಿಯುವ ಮೊದಲು ಮೋಟಾರಿನ ಫ್ಯೂಜ್ ಕಿತ್ತು ಅವಳ ಕೈಗೆ ಕೊಡುವುದು. ಅವಳು ಅದನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡು ಇಳಿಯುತ್ತಾಳೆ. ಮೇಲೆ ಬಂದ ಮೇಲೆ ಗಂಟು ಬಿಚ್ಚಿ, ಗುಂಡಿಯ ಹತ್ತಿರವೇ ಮೇಜು ಹಾಕಿಕೊಂಡಿರುವ ನನ್ನ ಕೈಗೆ ಕೊಡುತ್ತಾಳೆ, ನಾನು ಚಾಚಾನ ಕೈಗೆ. ಕೆಲಸಕ್ಕೆ ಸೇರಿದ ಮೊದಲ ದಿನ ಚಾಚಾ ಇದನ್ನು ನನ್ನಿಂದ ಮೂರು ಸಲ ಹೇಳಿಸಿದ್ದರು. ಇವತ್ತೂ ನಿದ್ದೆಯಲ್ಲೆಬ್ಬಿಸಿ ಕೇಳಿದರೆ ತಪ್ಪದೆ ಹೇಳುತ್ತೇನೆ.

ಆಗ ಕಲಬುರಗಿ ಹತ್ತಿರದ ಶರಣಸಿರಸಗಿಯಲ್ಲಿ ನಮ್ಮ ಹೊಸ ಮನೆ ಕಟ್ಟುತ್ತಿದ್ದರು. ಮೇಜಿನ ಮೇಲೆ ಬೇಳೆ ಹರವಿಕೊಂಡು ಕೂತಿದ್ದರೂ ನಾನು ಅಡುಗೆಮನೆಗೆ ಯಾವ ಬಣ್ಣದ ಟೈಲ್ಸ್ ಎಂದು ಯೋಚಿಸುತ್ತಿರುತ್ತಿದ್ದೆ. ಅಕ್ಕ ಅದನ್ನು ಕಂಡುಹಿಡಿದಿದ್ದಳು.

"ಸರ ಇಲ್ಲಿ ಕುಂತಾರ ಖರೆ, ಮನಸ್ಸು ಶರಣಸಿರಸಗ್ಯಾಗ ಗೋಡಿ ಕಟ್ಟಾಕತ್ತದ."

"ಕಟ್ಟಲಿ ಬಿಡು ಅಕ್ಕಾ," ಚಾಚಾ ಅನ್ನುತ್ತಿದ್ದರು. "ಗೌಂಡಿ ಕೂಲಿ ಉಳೀತದ."

ನಾನೂ ನಗುತ್ತಿದ್ದೆ.

ಆ ದಿನ ಮಧ್ಯಾಹ್ನ ಅಕ್ಕ ಗುಂಡಿಯಿಂದ ಮೇಲೆ ಬಂದಳು, ಫ್ಯೂಜ್ ನನ್ನ ಕೈಗೆ ಕೊಟ್ಟಳು. ಇಷ್ಟು ನನಗೆ ನೆನಪಿದೆ. ಸ್ವಲ್ಪ ಹೊತ್ತಿಗೆ ಚಾಚಾ ಬಂದು, "ಅಕ್ಕ ಮ್ಯಾಲ ಬಂದಾಳೇನ್ರೀ?" ಎಂದು ಕೇಳಿದರು. "ಬಂದಾಳ್ರಿ," ಎಂದು ಫ್ಯೂಜ್ ಕೊಟ್ಟೆ. ಇದೂ ನೆನಪಿದೆ. ಅವರು ಫ್ಯೂಜ್ ಹಾಕಿ ಬಟನ್ ಒತ್ತಿದರು. ಬೆಲ್ಟು ನಡುಗಿ ಏಳತೊಡಗಿತು. ಕೆಳಗಿನಿಂದ ಅಕ್ಕನ ಕೂಗು ಬಂತು.

ಮಶೀನ್ ಚಾಲೂ ಮಾಡುವಾಗ ಚಾಚಾನ ಎಡಗೈ ಯಾವಾಗಲೂ ಬಂದ್ ಮಾಡುವ ಕೆಂಪು ಬಟನ್ನಿನ ಮೇಲೆಯೇ ಇರುತ್ತದೆ. ಕೂಗು ಕೇಳಿದ್ದೇ ಒತ್ತಿಬಿಟ್ಟರು, ಅದರಿಂದ ಅವಳು ಉಳಿದಳು. ಮೇಲೆ ಬಂದ ಡಬ್ಬಿಯಲ್ಲಿ ಕಸಬರಿಗೆ ಚೂರಾಗಿ ಸಿಕ್ಕಿಕೊಂಡಿತ್ತು. ಅಕ್ಕನನ್ನು ತೋಳು ಹಿಡಿದು ಎತ್ತಿದೆವು. ಮೊಣಕೈ ತರಚಿತ್ತು. ಆ ಡಬ್ಬಿ ಈಗಲೂ ನನ್ನ ಕಣ್ಣ ಮುಂದೆ ಏಳುತ್ತದೆ. ಕೆಲವು ಸಲ ಅದರಲ್ಲಿ ಸಿಕ್ಕಿಕೊಂಡಿರುವುದು ಕಸಬರಿಗೆಯಲ್ಲ.

ಮಾಲಕರು ನಮ್ಮನ್ನು ಕರೆಸಿ ಕೇಳಿದರು. ಅಕ್ಕ ಮೊಣಕೈ ಒತ್ತಿಹಿಡಿದುಕೊಂಡು ಹೇಳಿದಳು: "ಕಸಬರಿಗಿ ಕೆಳಗ ಬಿಟ್ಟು ಬಂದಿದ್ದೆ. ಈ ಸರಗ ಹೇಳೇ ಮತ್ತ ಇಳದೀನ್ರಿ. ಕಸಬರಿಗಿ ತರ್ತೀನಿ, ಫ್ಯೂಜ್ ಕೊಡಬ್ಯಾಡ್ರಿ ಅಂದೆ. ಧೂಳ ಕುಂದರ್ತದಂತ ಚಶ್ಮಾನೂ ಅವರ ಕೈಯಾಗ ಕೊಟ್ಟೆ. ಅವರು ಹೂಂ ಅಂದ್ರು."

ಮಾಲಕರು ನನ್ನ ಕಡೆ ನೋಡಿದರು.

"ಇಲ್ರಿ," ಎಂದೆ. "ನನಗ ಏನೂ ಹೇಳಿಲ್ಲ. ಚಶ್ಮಾ ಕೊಟ್ಟಿಲ್ಲ."

ಸುಳ್ಳು ಹೇಳುತ್ತಿದ್ದೇನೆ ಎಂಬ ಅಳುಕು ನನ್ನಲ್ಲಿ ಇರಲಿಲ್ಲ. ಮನಸ್ಸಿನಲ್ಲಿ ಹುಡುಕಿದರೆ ಅವಳು ಫ್ಯೂಜ್ ಕೊಟ್ಟು, ಸೆರಗು ಝಾಡಿಸಿ, ನೀರಿನ ಕೊಡದ ಕಡೆ ಹೋದ ಚಿತ್ರ ಸ್ಪಷ್ಟವಾಗಿ ಕಾಣುತ್ತಿತ್ತು. ನನ್ನ ಮೇಜಿನ ಮೇಲೂ ನೋಡಿದರು, ಚಶ್ಮಾ ಇರಲಿಲ್ಲ. ಮಾಲಕರು ಅಕ್ಕನಿಗೆ ನಾಳೆಯಿಂದ ಬರಬೇಡ ಎಂದರು. ಅವಳು ನನ್ನನ್ನೊಮ್ಮೆ ನೋಡಿ ಹೊರಟುಹೋದಳು.

ಬಸ್ಸಿನಲ್ಲಿ ನನಗೆ ಅಳು ಬರುವಷ್ಟು ಸಿಟ್ಟು. ಇಷ್ಟು ದಿನ ನಕ್ಕು ಮಾತಾಡಿದವಳು ತನ್ನ ತಪ್ಪನ್ನು ನನ್ನ ತಲೆಗೆ ಕಟ್ಟಿದಳಲ್ಲ, ನಂಬಿದ್ದಕ್ಕೆ ಹೀಗೆ ಮಾಡಿದಳಲ್ಲ ಎಂದು ಕಲಬುರಗಿ ಬರುವವರೆಗೂ ಕುದಿಯುತ್ತಿದ್ದೆ.

ಮನೆಗೆ ಬಂದು ಊಟದ ಡಬ್ಬಿ ತೆಗೆಯಲು ಚೀಲಕ್ಕೆ ಕೈ ಹಾಕಿದೆ. ಚಶ್ಮಾ ಸಿಕ್ಕಿತು. ಒಂದು ಕಡ್ಡಿಗೆ ಕರಿ ದಾರ ಸುತ್ತಿದ, ಅವಳದೇ ಚಶ್ಮಾ. ಒಡೆಯಬಾರದೆಂದು ಕೈ ಒರೆಸುವ ಬಟ್ಟೆಯಲ್ಲಿ ಸುತ್ತಿಟ್ಟಿದ್ದೆ. ಸುತ್ತಿಟ್ಟವನು ನಾನೇ, ನನ್ನ ಚೀಲಕ್ಕೆ ಬೇರೆ ಯಾರೂ ಕೈ ಹಾಕುವುದಿಲ್ಲ.

ಅಲ್ಲೇ ಕೂತೆ. ಎಷ್ಟು ಹುಡುಕಿದರೂ ಆ ಗಳಿಗೆ ಸಿಗಲಿಲ್ಲ, ಈಗಲೂ ಸಿಕ್ಕಿಲ್ಲ. ಸಿಕ್ಕಿದ್ದು ಟೈಲ್ಸ್ ಮಾತ್ರ: ತಿಳಿಹಸಿರೋ, ಬೂದಿಯೋ. ಕಾಲೇಜಿನಲ್ಲೂ ಎಷ್ಟೋ ಪಾಠ ಹೀಗೇ ಹೋಗಿತ್ತು. ಹಾಜರಿ ಹೇಳಿದ್ದೆ, ನೋಟ್ಸ್ ನನ್ನ ಅಕ್ಷರದಲ್ಲೇ ಇತ್ತು, ಓದಿದರೆ ಯಾರೋ ಬರೆದಂತೆ. ಆಗ ಅದು ಪರೀಕ್ಷೆಯಲ್ಲಿ ಖಾಲಿ ಜಾಗ ಬಿಡುತ್ತಿತ್ತು. ಈ ಸಲ ಮನಸ್ಸು ಖಾಲಿ ಬಿಡಲಿಲ್ಲ. ಬೇರೆ ದಿನಗಳ ಚಿತ್ರ ತಂದು ಅಲ್ಲಿ ತುಂಬಿತು, ನನಗೆ ಗೊತ್ತಾಗದ ಹಾಗೆ. ಸೆರಗು ಝಾಡಿಸಿ ನೀರಿಗೆ ಹೋದ ಅಕ್ಕ ನಿನ್ನೆಯವಳೋ ಮೊನ್ನೆಯವಳೋ ಆಗಿದ್ದಳು. ಮೋಸ ಮಾಡಿದ್ದು ಅವಳಲ್ಲ, ನನ್ನ ತಲೆಯೊಳಗಿನ ಆ ಚಿತ್ರ.

ಮರುದಿನ ಬೆಳಿಗ್ಗೆ ಚಶ್ಮಾವನ್ನು ಮಾಲಕರ ಮುಂದಿಟ್ಟೆ.

"ನಿನ್ನಿ ಪಕ್ಕಾ ಅಂದ್ರಿ, ಇವತ್ತ ಹಿಂಗಂತೀರಿ. ಯಾವುದು ನಂಬಲಿ?"

"ಚಶ್ಮಾ ನಂಬ್ರಿ," ಎಂದೆ.

ಅವರು ಅದನ್ನು ತಿರುಗಿಸಿ ನೋಡಿದರು. ಆಮೇಲೆ ಚಾಚಾನನ್ನು ಕರೆದು ಅಕ್ಕನನ್ನು ಕರಕೊಂಡು ಬಾ ಎಂದರು.

ಅಕ್ಕ ಬಂದಳು. ಚಶ್ಮಾ ತೆಗೆದುಕೊಂಡು ಸೆರಗಿನಿಂದ ಒರೆಸಿ ಹಾಕಿಕೊಂಡಳು.

"ನೆನಪಿರಲಿಲ್ಲ ಅಕ್ಕಾ," ಎಂದೆ.

"ನೆನಪಿಲ್ಲ ಅನ್ನಬೇಕಿತ್ತಲ್ರಿ ಸರ," ಎಂದಳು. "ನೀವು ಇಲ್ಲ ಅಂದ್ರಿ."



ಕೆಲಸ ಮೊದಲಿನಂತೆ ನಡೆದಿದೆ. ಶರಣಸಿರಸಗಿಯ ಹಾಸ್ಯ ಯಾರೂ ಮಾಡುವುದಿಲ್ಲ. ಅಕ್ಕ ಈಗಲೂ ಗುಂಡಿಗೆ ಇಳಿಯುತ್ತಾಳೆ. ಅವಳು ಹತ್ತಿ ಬರುವಾಗ ನಾನು ಬೇಳೆ ಬದಿಗೆ ಸರಿಸಿ, ಎದ್ದು ನಿಂತು, ಅವಳನ್ನೇ ನೋಡುತ್ತ ಕೈ ಚಾಚುತ್ತೇನೆ. ಅವಳು ಗಂಟು ಬಿಚ್ಚುತ್ತ ನನ್ನ ಮೇಜು ದಾಟಿ ನಡೆದುಹೋಗಿ, ಫ್ಯೂಜನ್ನು ಚಾಚಾನ ಕೈಯಲ್ಲೇ ಇಡುತ್ತಾಳೆ.